ಹತ್ತಿ ಊರಿನ ಕಾರಿಗೆ ಪ್ಲಾಸ್ಟಿಕ್ ಟವೆಲ್

ಕಡರನಾಯಕನಹಳ್ಳಿಯಲ್ಲಿ ಕಾರು ಒರೆಸುವ ಬಟ್ಟೆ ಅಂದರೆ ಹಳೇ ಪಂಚೆ, ಹರಿದ ಬನಿಯನ್ನು, ತೀರಾ ಅಂದರೆ ಗ್ಯಾರೇಜಿನ ವೇಸ್ಟ್ ನೂಲು. ದಾವಣಗೆರೆ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರು. ಮಿಲ್ಲುಗಳ ಸದ್ದು ಅಡಗಿದರೂ ಹತ್ತಿಬಟ್ಟೆಯ ಮೇಲಿನ ನಂಬಿಕೆ ನಮ್ಮ ಕಡೆ ಹೋಗಿಲ್ಲ. ನಮ್ಮ ಮೈಗೆ ಹತ್ತಿಯೇ ಸರಿ. ಕಾರಿನ ಮೈಗೆ ಮಾತ್ರ ಅದು ಸರಿಬರುವುದಿಲ್ಲ.

ನಾವು ಅಣ್ಣ ತಮ್ಮ ಸೇರಿ ಸಾಲದಲ್ಲಿ ಕೊಂಡದ್ದು ಸೆಕೆಂಡ್ ಹ್ಯಾಂಡ್ ಕಾರು. ಕಡುನೀಲಿ ಬಣ್ಣ, ಹಳದಿ ಬೋರ್ಡ್. ಸುದ್ದಿಗೆ ಬರುವ ದುಡ್ಡಿನಲ್ಲಿ ಕಂತು ಹುಟ್ಟುವುದಿಲ್ಲ ಅಂತ ಸ್ಟ್ರಿಂಗರ್‌ಗಳಿಗೆ ಬಿಡಿಸಿ ಹೇಳಬೇಕಿಲ್ಲ. ಅಮಾವಾಸ್ಯೆಗೆ ಉಕ್ಕಡಗಾತ್ರಿ ಬಾಡಿಗೆ, ಲಗ್ನದ ದಿನಗಳಲ್ಲಿ ಹರಿಹರ, ದಾವಣಗೆರೆ ಕಲ್ಯಾಣ ಮಂಟಪಗಳ ಬಾಡಿಗೆ, ಇವೇ ಕಂತು ಕಟ್ಟುವುದು. ಮದುವೆಯವರು ಇಂಜಿನ್ ನೋಡುವುದಿಲ್ಲ, ಬಾನೆಟ್ ನೋಡುತ್ತಾರೆ. ಕೊಳ್ಳುವಾಗಲೇ ಅದರ ಮೇಲೆ ಜೇಡರ ಬಲೆಯಂಥ ಗೆರೆಗಳಿದ್ದವು. ನೆರಳಲ್ಲಿ ಕಾಣದವು ಬಿಸಿಲಿಗೆ ಎದ್ದು ಕಾಣುತ್ತವೆ. ಒಣಗಿದ ಧೂಳನ್ನು ಒಣಬಟ್ಟೆಯಲ್ಲಿ ತಿಕ್ಕಿದ ಗುರುತು ಅವು.

ನಮ್ಮೂರ ಧೂಳೂ ಸಾಮಾನ್ಯದ್ದಲ್ಲ. ಭದ್ರಾ ಕಾಲುವೆ ನೀರಿನ ಭತ್ತದ ಸೀಮೆ ಇದು. ಕೊಯ್ಲಿನ ಮಷಿನ್ ಗದ್ದೆಗಿಳಿದರೆ ಹೊಟ್ಟಿನ ಪುಡಿ ಊರೆಲ್ಲ ಹಾರುತ್ತದೆ. ಭತ್ತದ ಹೊಟ್ಟಿನಲ್ಲಿ ಸಿಲಿಕಾ ಹೆಚ್ಚು, ಅಂದರೆ ಮರಳಿನ ಜಾತಿಯದು. ಪಂಚೆಯ ಚಪ್ಪಟೆ ನೇಯ್ಗೆಯಲ್ಲಿ ಈ ಕಣಕ್ಕೆ ಅಡಗಲು ಜಾಗವಿಲ್ಲ. ಬಟ್ಟೆಗೂ ಬಣ್ಣಕ್ಕೂ ನಡುವೆ ಸಿಕ್ಕಿ ಕೈ ಹೋದಲ್ಲೆಲ್ಲ ಗೀರುತ್ತಾ ಹೋಗುತ್ತದೆ. ಮೈಕ್ರೋಫೈಬರ್ ಎಳೆ ಕೂದಲಿಗಿಂತ ಎಷ್ಟೋ ಸಣ್ಣದು, ತಯಾರಿಸುವಾಗಲೇ ಸೀಳಿರುತ್ತಾರೆ. ಆ ಸೀಳುಗಳ, ಜುಂಗಿನ ನಡುವೆ ಕಣ ಸಿಕ್ಕಿಕೊಂಡು ಮೇಲೇಳುತ್ತದೆ. ಹಾಗಂತ ಇದೇನು ಮಾಯದ ಬಟ್ಟೆಯಲ್ಲ. ಮೊದಲು ನೀರು ಸುರಿದು ಧೂಳು ಇಳಿಸದಿದ್ದರೆ ಎಂಥ ಟವೆಲ್ಲೂ ಗೀರುತ್ತದೆ.

ದಾವಣಗೆರೆ ಪಿ.ಬಿ. ರಸ್ತೆಯ ಅಂಗಡಿಯಲ್ಲಿ ಕೇಳಿದರೆ ನಾಲ್ಕು ಬಣ್ಣದ ಕಟ್ಟು ಮುಂದಿಟ್ಟು, 'ಎಲ್ಲಾ ಒಂದೇ ಅಣ್ಣ, ತಗಳ್ರಿ' ಅನ್ನುತ್ತಾರೆ. ಒಂದೇ ಅಲ್ಲ. ಲೇಬಲ್ಲಿನಲ್ಲಿ ಪಾಲಿಯೆಸ್ಟರ್ 80, ಪಾಲಿಅಮೈಡ್ 20 ಅಂತಲೋ, 70, 30 ಅಂತಲೋ ಇರಬೇಕು. ನೀರು ಹೀರುವುದಕ್ಕೂ ಮೆತ್ತಗಿರುವುದಕ್ಕೂ ಪಾಲಿಅಮೈಡ್ ಬೇಕು. ಆಮೇಲೆ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ ಗ್ರಾಂನಲ್ಲಿ. ಡ್ಯಾಶ್‌ಬೋರ್ಡ್, ಬಾಗಿಲ ಒಳಮೈಗೆ 250-300 ಸಾಕು. ವ್ಯಾಕ್ಸ್ ತೆಗೆಯಲು 350-400. ನೀರು ಆರಿಸಲು ದಪ್ಪನೆಯದೇ ಬೇಕು, 800ರ ಮೇಲಿನದು ಒಂದಿದ್ದರೆ ಇಡೀ ಕಾರಿಗೆ ಆಗುತ್ತದೆ. ಗಾಜಿಗೆ ಜುಂಗಿಲ್ಲದ, ಚೌಕಳಿ ನೇಯ್ಗೆಯದು. ದುಡ್ಡು ಹಾಕುವುದಿದ್ದರೆ ನೀರು ಆರಿಸುವ ಟವೆಲ್ಲಿಗೆ ಹಾಕಿ. ಬೋರ್‌ವೆಲ್ ನೀರು ತಾನಾಗೇ ಆರಿದರೆ ಸುಣ್ಣದ ಬಿಳಿ ಚುಕ್ಕಿ ಕೂರುತ್ತದೆ, ಆಮೇಲೆ ತಿಕ್ಕಿದಷ್ಟೂ ಬಣ್ಣಕ್ಕೇ ಏಟು. ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿ. ಗಟ್ಟಿ ನೈಲಾನ್ ಹೊಲಿಗೆ ಇದ್ದರೆ ಬೇಡ. ಲೇಬಲ್ಲು ಕತ್ತರಿಸಿಬಿಡಿ.

ಅನುಮಾನ ಬಂದರೆ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಿಡಿಯಿರಿ. ಕರಗಿ ಮಣಿಯಾದರೆ ಕೃತಕ ನೂಲು, ಬೂದಿಯಾದರೆ ಹತ್ತಿ. ಕೃತಕ ನೂಲೆಲ್ಲ ಸೀಳಿದ ನೂಲಲ್ಲ, ಹಾಗಾಗಿ ಅಂಗೈ ಮೇಲೂ ಎಳೆದು ನೋಡಿ. ಸೀಳಿದ್ದಾದರೆ ಒರಟು ಚರ್ಮಕ್ಕೆ ಜುಂಯ್ ಅಂತ ಕಚ್ಚುತ್ತದೆ. ಕಳೆ ಕಿತ್ತ ಕೈ ಅವ್ವನದು, ಆ ಕೈಗೆ ಕಚ್ಚಿತೆಂದರೆ ಪರೀಕ್ಷೆ ಮುಗಿಯಿತು. 'ಇಷ್ಟು ಮೆತ್ತನ್ ಟವೆಲ್ಲು ಕಾರಿಗಾ? ನಿಮ್ಮಪ್ಪಗೆ ಒಂದಿನ ತಂದ್ ಕೊಟ್ಟೀರಾ?' ಅಂದಳು. ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ.

ಚಕ್ರಕ್ಕೆ ಬಳಸಿದ್ದು ಮತ್ತೆ ಬಾನೆಟ್ಟಿಗೆ ಬರಬಾರದು. ಬಣ್ಣ ನೋಡಿ ಬೇರೆ ಮಾಡಿಕೊಂಡಿದ್ದೇವೆ: ನೀಲಿ ಹೊರಮೈಗೆ, ಹಳದಿ ಒಳಗೆ, ಬೂದು ಚಕ್ರಕ್ಕೆ. ನೆಲಕ್ಕೆ ಬಿದ್ದದ್ದು ತೊಳೆಯುವವರೆಗೆ ಚಕ್ರದ್ದೇ. ಹತ್ತಿಬಟ್ಟೆ ಜೊತೆ ತೊಳೆದರೆ ಅದರ ನಾರೆಲ್ಲ ಇದು ಹಿಡಿದುಕೊಳ್ಳುತ್ತದೆ. ಘಮಘಮಿಸುವ ಕಂಫರ್ಟ್ ಹಾಕಿದರೆ ಎಳೆಗೆ ಪದರ ಕಟ್ಟಿ ನೀರು ಹೀರುವುದು ಕಡಿಮೆಯಾಗುತ್ತದೆ.

ಇನ್ನೊಂದು ಮಾತು ಅಂಗಡಿಯವರು ಹೇಳುವುದಿಲ್ಲ. ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ ಮರದ ತಿರುಳಿನಿಂದ ನಾರು ಮಾಡುತ್ತಾರೆ, ಅದು ಮಣ್ಣಲ್ಲಿ ಕೊಳೆಯುತ್ತದೆ. ಈ ಟವೆಲ್ಲು ಪೆಟ್ರೋಲಿಯಂನಿಂದ ಬಂದ ಪ್ಲಾಸ್ಟಿಕ್. ತೊಳೆದಾಗಲೆಲ್ಲ ಕಣ್ಣಿಗೆ ಕಾಣದ ತುಣುಕು ಉದುರುತ್ತವೆ, ಅವು ಕೊಳೆಯುವುದಿಲ್ಲ. ನಮ್ಮ ಕಡೆ ಗಾಡಿ, ಬಟ್ಟೆ ಎಲ್ಲ ತೊಳೆಯುವುದು ಕಾಲುವೆಯಲ್ಲಿ, ಹೊಳೆಯಲ್ಲಿ. ಹರಿಹರದವರು ಕುಡಿಯುವುದು ಅದೇ ತುಂಗಭದ್ರೆ ನೀರು. ಅದಕ್ಕೇ ಹತ್ತು ಟವೆಲ್ಲಿನ ಅಗ್ಗದ ಕಟ್ಟಿಗಿಂತ ಕಡಿಮೆ ಉದುರುವ ನಾಲ್ಕು ಸಾಕು ಅನ್ನುತ್ತೇವೆ. ತೊಳೆಯುವುದು ಮನೆಯಲ್ಲೇ, ಬಕೆಟ್ಟಿನಲ್ಲಿ. ಆ ನೀರನ್ನು ಅಪ್ಪನ ಹಳೇ ಪಂಚೆ ಎರಡು ಮಡಿಕೆ ಮಾಡಿ ಸೋಸುತ್ತೇವೆ. ಎಲ್ಲವೂ ನಿಲ್ಲುವುದಿಲ್ಲ. ನಿಂತಷ್ಟು ನೀಲಿ ನಾರು ಒಣಗಿಸಿ ಕಸದ ಗಾಡಿಗೆ ಹಾಕುತ್ತೇವೆ.