ನಕ್ಷಾದಾಗ ಕಿಡಕಿ ಎಲ್ಲದ?

ಕುಸನೂರದಾಗಿನ ನಮ್ಮ 30×40 ಪ್ಲಾಟಿನ ನಕ್ಷಾ ಪಾಲಿಕೆ ಮಂಜೂರಿಗೆ ಹೋಗೂದಿತ್ತು. ಪ್ಲಾಟ್ ನನ್ನ ಹೆಸರಲೇ ಅದ, ಸಹಿನೂ ನಂದೇ ಬೇಕು.

"ಇಲ್ಲಿ ಸಹಿ ಮಾಡ್ರಿ ಅಮ್ಮಾ" ಅಂದ ಇಂಜಿನಿಯರ್ ಹುಡುಗ.

"ತಡಿ ತಮ್ಮಾ, ಮೊದಲ ತಿಳಿಸಿ ಹೇಳು" ಅಂದೆ.

ಜೋಡಿ ಗೆರಿ ಅಂದ್ರ ಗ್ವಾಡಿ, ಡಿ ಅಂದ್ರ ಬಾಗಲಾ, ಡಬ್ಲ್ಯೂ ಅಂದ್ರ ಕಿಡಕಿ. ನೋಡಿದ್ರ ನಡುಮಧ್ಯದ ಅಡಗಿ ಮನಿಗಿ ಒಂದೂ ಡಬ್ಲ್ಯೂ ಇಲ್ಲ!

"ಹಾಲ್ ದೊಡ್ಡದು ಬೇಕಲ್ಲಾ" ಅಂದ್ರು ನಮ್ಮ ಮನ್ಯಾವ್ರು.

"ಮೇ ತಿಂಗಳ ಬಿಸಲಾಗ ಒಲಿ ಮುಂದ ನಿಂದ್ರಾಕಿ ನಾನು. ಕಿಡಕಿ ಬರೂತನಕ ಸಹಿ ಮಾಡಂಗಿಲ್ಲ" ಅಂದೆ.

ಕಾಯ್ದೆ ಪ್ರಕಾರ ಹಿಂದ ಜಾಗಾ ಬಿಟ್ಟಿದ್ರು. ಅಡಗಿ ಮನಿ ಆ ಕಡಿ ಸರಿಸಿ ಕಿಡಕಿ ಹಾಕ್ದ. ಹಾಲ್ ಎರಡು ಫೂಟ್ ಸಣ್ಣದಾತು. ಆಗ ಸಹಿ ಮಾಡ್ದೆ.

ಹಾಳಿ ಮ್ಯಾಲಿನ ಗೆರಿ ಅಳಸೂದು ಸಸ್ತಾ, ಕಟ್ಟಿದ ಗ್ವಾಡಿ ಒಡಿಯೂದು ತುಟ್ಟಿ. ನೀವೂ ನೋಡೇ ಸಹಿ ಮಾಡ್ರಿ ಮತ್ತ.