ಅಜ್ಜಿಯ ಸೊಂಟವೂ ಕ್ಷ-ಕಿರಣವೂ

2019ರ ಶ್ರಾವಣದಲ್ಲಿ ನಮ್ಮ ಅಜ್ಜಿಯವರು ಬಚ್ಚಲ ಹೊಸ್ತಿಲಲ್ಲಿ ಜಾರಿ ಬಿದ್ದರು. ನಮ್ಮದು ಆದವಾನಿ ಸೀಮೆಯ ಹಳ್ಳಿ. 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ನೆಲ. ಮನೆಯ ಮಾತು ಕನ್ನಡ, ಆಸ್ಪತ್ರೆಯ ಮಾತು ತೆಲುಗು. ಅಜ್ಜಿಗೆ ತೆಲುಗು ಬಾರದೆಂದಲ್ಲ; ನೋವಿನ ಹೊತ್ತಿನಲ್ಲಿ ಅದು ಮರೆತುಹೋಗುತ್ತದೆ.

ಬಲಗಾಲು ಗಿಡ್ಡವಾಗಿ ಹೊರಕ್ಕೆ ತಿರುಗಿತ್ತು. ಮೊದಲು ಕರೆದೊಯ್ದ ಕಡೆ ಮೇಲಿನಿಂದ ಒಂದು ಚಿತ್ರ ತೆಗೆದರು. ಎರಡನೆಯದಕ್ಕೆ ಪಕ್ಕಕ್ಕೆ ಹೊರಳಿಸಬೇಕೆಂದರು. ಹೊರಳಿಸುವಾಗ ಅಜ್ಜಿ ಕೂಗಿದ ಕೂಗು ಇಂದಿಗೂ ನಮ್ಮ ಕಿವಿಯಲ್ಲಿದೆ. ಚಿತ್ರವೂ ಮಸುಕಾಯಿತು. ಅವರನ್ನು ಹಿಡಿದು ಒತ್ತಿದ ಕೈಗಳಲ್ಲಿ ನಮ್ಮವೂ ಇದ್ದವು; ಆ ತಪ್ಪಿನಲ್ಲಿ ನಮಗೂ ಪಾಲಿದೆ.

ಮರುದಿನ ಆಲೂರಿನ ಹಾದಿಯಾಗಿ ಬಳ್ಳಾರಿಗೆ ಒಯ್ದೆವು. ಅಲ್ಲಿನ ಕ್ಷ-ಕಿರಣ ಕೋಣೆಯ ತರುಣನ ಮನೆಮಾತು ತೆಲುಗು. ಆದರೂ ಅಜ್ಜಿಯ ನರಳಾಟ ಕೇಳಿ, "ಅವ್ವಾ, ನೀವು ಅಲುಗಬ್ಯಾಡ್ರಿ, ಮಿಷನ್ನೇ ತಿರುಗಿಸ್ತೀನಿ" ಎಂದನು. ಹಾಸಿದ ಚಾದರದ ಸಮೇತ ನಾಲ್ವರು ಅವರನ್ನು ಮೇಜಿಗೆ ಸರಿಸಿದೆವು. ನೋವಿಲ್ಲದ ಎಡಗಾಲನ್ನು ಮಾತ್ರ ಎತ್ತಿ ಆಧಾರದ ಮೇಲಿಟ್ಟನು. ಬಲಸೊಂಟದ ಹೊರಬದಿಗೆ ಚಿತ್ರ ಹಿಡಿಯುವ ಹಲಗೆಯನ್ನು ನೆಟ್ಟಗೆ ನಿಲ್ಲಿಸಿ, ಎತ್ತಿದ ಕಾಲಿನ ಕೆಳಗಿನಿಂದ ಕಿರಣವನ್ನು ನೆಲಕ್ಕೆ ಸಮಾಂತರವಾಗಿ ಹಾಯಿಸಿದನು. ತೊಡೆಮೂಳೆಯ ಕುತ್ತಿಗೆ ಮುರಿದದ್ದು ಸ್ಪಷ್ಟವಾಗಿ ಕಂಡಿತು.

ಶಸ್ತ್ರಚಿಕಿತ್ಸೆಗೆ ಮುನ್ನ ಎದೆಯ ಚಿತ್ರವೂ ಬೇಕಾಯಿತು. ನಿಲ್ಲಬಲ್ಲವರಿಗೆ ಬೆನ್ನಿನ ಕಡೆಯಿಂದ, ಸುಮಾರು 180 ಸೆಂಟಿಮೀಟರ್ ದೂರದಿಂದ ಕಿರಣ ಹಾಯಿಸುವುದು ವಾಡಿಕೆ. ಮಲಗಿದವರಿಗೆ ಮುಂದಿನಿಂದ, ಹತ್ತಿರದಿಂದ ಹಾಯಿಸಿದಾಗ ಹೃದಯವು ಇದ್ದುದಕ್ಕಿಂತ ದೊಡ್ಡದಾಗಿ ತೋರುತ್ತದೆ. ವೈದ್ಯರು ತಪ್ಪು ತಿಳಿಯದಿರಲೆಂದು, ಮಲಗಿಸಿ ತೆಗೆದದ್ದೆಂದು ಚಿತ್ರದ ಮೇಲೆ ಗುರುತು ಹಾಕಿದನು.

1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಈ ಕಿರಣವನ್ನು ಮೊದಲ ಮಹಾಯುದ್ಧದಲ್ಲಿ ಮೇರಿ ಕ್ಯೂರಿಯವರು ಮೋಟಾರು ಬಂಡಿಯಲ್ಲಿ ಗಾಯಾಳುಗಳ ಬಳಿಗೇ ಒಯ್ದರು. ರೋಗಿಗೆ ತಕ್ಕಂತೆ ಯಂತ್ರವು ಬಾಗಬೇಕೆಂಬುದು ಹೊಸ ಮಾತೇನಲ್ಲ. ನಾವು ಕೇಳುವುದಿಲ್ಲ, ಅಷ್ಟೇ.

ಆದುದರಿಂದ ಸೋದರ ಸೋದರಿಯರಲ್ಲಿ ನಮ್ಮ ವಿನಂತಿ ಇಷ್ಟು: ಬಿದ್ದ ಹಿರಿಯರನ್ನು ಕರೆದೊಯ್ದಾಗ, "ಹೊರಳಿಸದೆ ತೆಗೆಯಲಾದೀತೇ?" ಎಂದು ಮೊದಲೇ ಕೇಳಿರಿ. ರೋಗಿಯನ್ನು ಹಿಡಿದು ನಿಲ್ಲಬೇಕಾದರೆ ಸೀಸದ ನಿಲುವಂಗಿ ಬೇಡಿ ತೊಡಿರಿ. ಗರ್ಭಿಣಿಯರು ಆ ಕೋಣೆಯ ಹೊರಗಿರಲಿ. ಕನ್ನಡದಲ್ಲಿ ಕೇಳಿದರೆ ತಿಳಿಯದಿದ್ದರೆ ತೆಲುಗಿನಲ್ಲಿ ಕೇಳಿರಿ, ಸಂಕೋಚ ಬೇಡ.

ಅಜ್ಜಿ ಆ ವರ್ಷದ ಕಾರ್ತೀಕಕ್ಕೆ ಕೋಲೂರಿಕೊಂಡು ತುಳಸಿಕಟ್ಟೆಯವರೆಗೆ ನಡೆದರು. ಆ ತರುಣನ ಹೆಸರು ಅವರಿಗೆ ನೆನಪಿರಲಿಲ್ಲ. "ಅವ್ವಾ ಅಂದ ಹುಡುಗ" ಎಂದೇ ದೀಪ ಹಚ್ಚುವಾಗ ಅವನನ್ನು ಹರಸಿದರು.