ಬೀಗದ ಕೈ ಯಾರ ಸೆರಗಿನಲ್ಲಿ?

ಜಾಲಹಳ್ಳಿಯವರಾದ ನಮಗೆ ಸರ್ಕಾರದ ಕಟ್ಟಳೆಯೆಂಬುದು ದೂರದ ಮಾತಲ್ಲ. 1953ರಲ್ಲಿ ಹಿಂದೂಸ್ಥಾನ್ ಮಷಿನ್ ಟೂಲ್ಸ್, ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಇಲ್ಲಿ ನೆಲೆಗೊಂಡ ಮೇಲೆ ಊರಿನ ಊಟ ನಿದ್ರೆಗಳು ಕಾರ್ಖಾನೆಯ ಪಾಳಿಗೆ ಹೊಂದಿಕೊಂಡವು. ಪಾಳಿಯ ಹಿಂದೆ ಕಾನೂನು ನಿಂತಿರುವುದಷ್ಟೆ. ಕಾನೂನು ಬೀಗವಿದ್ದಂತೆ. ಉಗ್ರಾಣಕ್ಕೆ ಬೀಗ ಹಾಕುವುದನ್ನು ಯಾವ ಗೃಹಿಣಿಯೂ ತಪ್ಪೆನ್ನಲಾರಳು. ಆದರೆ ಬೀಗದ ಕೈ ಯಾರ ಸೆರಗಿನಲ್ಲಿದೆಯೆಂದು ವಿಚಾರಿಸದೆಯೂ ಬಿಡಲಾರಳು. ನಮ್ಮ ಮನೆಯೊಳಗೆ ಬಂದುಹೋದ ಕೆಲವು ಕಟ್ಟಳೆಗಳನ್ನು ಈ ಒಂದು ಪ್ರಶ್ನೆಯಿಂದ ನೋಡಬೇಕೆಂದು ನಮ್ಮ ಆಸೆ.

ರೇಡಿಯೋವಿನ ಲೈಸೆನ್ಸು ಇಂದಿನ ಮಕ್ಕಳಿಗೆ ಕಟ್ಟುಕಥೆಯಂತೆ ತೋರೀತು. 1933ರ ಕಾನೂನಿನ ಮೇರೆಗೆ ಅಪ್ಪಣೆಯಿಲ್ಲದೆ ನಿಸ್ತಂತು ಯಂತ್ರವನ್ನು ಮನೆಯಲ್ಲಿಟ್ಟುಕೊಳ್ಳುವುದೇ ಅಪರಾಧವಾಗಿದ್ದಿತು. ವರ್ಷಕ್ಕೆ 15 ರೂಪಾಯಿಯನ್ನು ಅಂಚೆ ಕಚೇರಿಯಲ್ಲಿ ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರಬೇಕು. 1960ರ ದಶಕದಲ್ಲಿ ಟ್ರಾನ್ಸಿಸ್ಟರುಗಳನ್ನು ತಯಾರಿಸುತ್ತಿದ್ದುದು ನಮ್ಮ ಊರೇ; ಅದರಿಂದ ಹೊರಡುವ ಹಾಡನ್ನು ಕೇಳಲು ಅಪ್ಪಣೆ ಬೇಡುತ್ತಿದ್ದುದೂ ನಮ್ಮ ಊರೇ! 1980ರ ದಶಕದ ನಡುವಿನಲ್ಲಿ ಆ ಪುಸ್ತಕ ಇಲ್ಲವಾಯಿತು. ಆಕಾಶದ ಅಲೆಗಳು ಸಾರ್ವಜನಿಕರ ಸ್ವತ್ತೆಂದು 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. 2001ರಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಕೇಂದ್ರ ಬೆಂಗಳೂರಿನಲ್ಲಿಯೇ ಆರಂಭವಾದಾಗ ಹಾಡಿಗೆ ಬಾಗಿಲು ತೆರೆಯಿತು, ವಾರ್ತೆಗೆ ತೆರೆಯಲಿಲ್ಲ. ಈ ಬೀಗದ ಕೈ ಯಾರಲ್ಲಿತ್ತೆಂದು ಹೇಳಬೇಕಾಗಿಲ್ಲ.

ನಾವು ಕೈಮುಗಿಯುವ ಬೀಗವೂ ಒಂದುಂಟು. ಮಧುಮೇಹ, ಅರ್ಬುದ, ರಕ್ತದೊತ್ತಡ ಮೊದಲಾದ ಹಲವು ರೋಗಗಳನ್ನು ಗುಣಪಡಿಸುವೆವೆಂದು ಜಾಹೀರಾತು ಕೊಡಕೂಡದೆಂದು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾನೂನು ವಿಧಿಸಿರುವುದು. ಕೆಲವು ಔಷಧ ವ್ಯಾಪಾರಿಗಳು ಇದು ವಾಕ್‌ಸ್ವಾತಂತ್ರ್ಯಕ್ಕೆ ಭಂಗವೆಂದು ವಾದಿಸಿದರು. 1959ರಲ್ಲಿ ಸರ್ವೋಚ್ಚ ನ್ಯಾಯಾಲಯ ಕಾನೂನಿನ ಒಂದೆರಡು ಭಾಗಗಳನ್ನು ತೆಗೆದುಹಾಕಿತಾದರೂ ಆ ವಾದವನ್ನು ಮಾತ್ರ ಒಪ್ಪಲಿಲ್ಲ. ಇಲ್ಲಿ ಕಟ್ಟಿಗೆ ಸಿಕ್ಕಿದವನು ಮಾರುವವನು, ಕಾಪಾಡಲ್ಪಟ್ಟವನು ಕೊಳ್ಳುವವನು. ಹೀಗಿದ್ದರೂ ಬೆಳಗಿನ ಪತ್ರಿಕೆಯ ಮಡಿಕೆಯಿಂದ ಸಕ್ಕರೆ ಕಾಯಿಲೆಯನ್ನು ಬೇರುಸಹಿತ ಕೀಳುವ ಕರಪತ್ರಗಳು ಇನ್ನೂ ಉದುರುತ್ತಿರುವುವು. ಬೀಗವೇನೋ ಒಳ್ಳೆಯದೇ, ತಿರುಗಿಸುವವರಿಲ್ಲದೆ ಕೈ ತುಕ್ಕು ಹಿಡಿದಿದೆ.

ಈಗ ದುಡಿಮೆಯ ಮಾತಿಗೆ ಬರೋಣ. 1948ರ ಕಾರ್ಖಾನೆಗಳ ಕಾನೂನಿನ 66ನೆಯ ಕಲಮು, ಸಂಜೆ 7ರಿಂದ ಬೆಳಗ್ಗೆ 6ರ ವರೆಗೆ ಹೆಂಗಸರು ಕಾರ್ಖಾನೆಯಲ್ಲಿ ಕೆಲಸ ಮಾಡಕೂಡದೆಂದಿತು. ಉದ್ದೇಶ ಸಾಧುವೆಂಬುದರಲ್ಲಿ ನಮಗೆ ಸಂಶಯವಿಲ್ಲ. ಆದರೆ ಇಲ್ಲಿ ಕಾಪಾಡಬೇಕಾದವಳೂ ಕಟ್ಟಿಹಾಕಲ್ಪಟ್ಟವಳೂ ಒಬ್ಬಳೇ ಆದಳು. ನಮ್ಮ ಅತ್ತಿಗೆಯವರು ಇಲ್ಲಿನ ಒಂದು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದರು. ಅವರೊಡನೆ ಒಂದೇ ದಿನ ಕೆಲಸಕ್ಕೆ ಸೇರಿದ ಗಂಡಸರಿಗೆ ರಾತ್ರಿ ಪಾಳಿಯ ಭತ್ಯೆ ಬರುತ್ತಿತ್ತು, ಇವರಿಗಿಲ್ಲ. “ರಾತ್ರಿ ಎರಡು ಗಂಟೆಗೆ ಬೀದಿಯ ನಲ್ಲಿಯಲ್ಲಿ ನೀರು ಬಂದರೆ ಹಿಡಿಯುವವಳು ನಾನೇ. ಅದಕ್ಕೆ ಯಾವ ಕಲಮೂ ಅಡ್ಡ ಬರಲಿಲ್ಲವಲ್ಲ” ಎಂದು ಅವರು ನಗುತ್ತಿದ್ದರು. ಆಸ್ಪತ್ರೆಯ ದಾದಿಯರಿಗೂ ರಾತ್ರಿಯ ನಿಷೇಧವಿರಲಿಲ್ಲವೆಂಬುದನ್ನು ವಾಚಕರು ಬಲ್ಲರು.

ಮದರಾಸಿನ ಉಚ್ಚ ನ್ಯಾಯಾಲಯ 2000ದ ಡಿಸೆಂಬರಿನಲ್ಲಿ ಈ ನಿಷೇಧವನ್ನು ರದ್ದುಗೊಳಿಸಿತು. ಕರ್ಣಾಟಕದಲ್ಲಿ ಮೊದಲು ಬಾಗಿಲು ತೆರೆದುದು ಕಂಪ್ಯೂಟರಿನವರಿಗೆ: ಅಂಗಡಿ ಮುಂಗಟ್ಟುಗಳ ಕಾನೂನಿಗೆ 2002ರಲ್ಲಿ ತಿದ್ದುಪಡಿಯಾಗಿ, ಮಾಹಿತಿ ತಂತ್ರಜ್ಞಾನದ ಕಚೇರಿಗಳಲ್ಲಿ ಹೆಣ್ಣುಮಕ್ಕಳು ರಾತ್ರಿ ದುಡಿಯಬಹುದೆಂದಾಯಿತು. ವೈಟ್‌ಫೀಲ್ಡಿನಲ್ಲಿ ಅಮೆರಿಕದವರ ದೂರವಾಣಿಗೆ ಉತ್ತರ ಕೊಡುವವಳಿಗೆ ರಾತ್ರಿ ಸಲ್ಲುತ್ತದೆ, ಪೀಣ್ಯದಲ್ಲಿ ಅಂಗಿ ಹೊಲಿಯುವವಳಿಗೆ ಸಲ್ಲದು! ಒಂದೇ ಊರು, ಒಂದೇ ಕತ್ತಲೆ. ಕಾರ್ಖಾನೆಗಳಿಗೆ ಸರ್ಕಾರ ಅನುಮತಿಯಿತ್ತುದು 2019ರಲ್ಲಿ.

ಅಂಗಿ ಹೊಲಿಯುವವರ ವಿಷಯ ಬಂದುದರಿಂದ 2016ರ ಏಪ್ರಿಲನ್ನು ನೆನೆಯದೆ ಮುಂದೆ ಹೋಗಲಾರೆವು. ಆ ವರ್ಷದ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹೊಸ ಕಟ್ಟಳೆಯೊಂದನ್ನು ಹೊರಡಿಸಿತು. ಭವಿಷ್ಯನಿಧಿಯಲ್ಲಿ ತಮ್ಮ ಪಾಲನ್ನು ಮಾತ್ರ ಕೆಲಸ ಬಿಟ್ಟವರು ಹಿಂದೆಗೆಯಬಹುದು. ಮಾಲೀಕರು ಕಟ್ಟಿದ ಪಾಲು 58 ವರ್ಷ ತುಂಬುವವರೆಗೆ ಸಿಕ್ಕದು. ಮುಪ್ಪಿಗೆ ಹಣ ಉಳಿಯಲೆಂಬುದು ಅವರ ವಾದ. ಆದರೆ ಹೊಲಿಗೆ ಯಂತ್ರದ ಮುಂದೆ 58 ವರ್ಷದವರೆಗೆ ಕುಳಿತವಳನ್ನು ನೋಡಿದವರೆಷ್ಟು ಮಂದಿ? ಬೆನ್ನು, ಕಣ್ಣು ಸೋಲುವ ಮೊದಲೇ ಕೆಲಸ ಬಿಡುವ ಆ ಹೆಂಗಸರಿಗೆ ಈ ಗಂಟೇ ಮಗಳ ಮದುವೆ, ಮಗನ ಶಾಲೆ, ಸಾಲದ ಬಡ್ಡಿ. ಏಪ್ರಿಲ್ 18ರಂದು ಹೊಸೂರು ರಸ್ತೆಯಲ್ಲಿ ಸಾವಿರಾರು ಮಂದಿ ಬೀದಿಗಿಳಿದರು. ಕರೆ ಕೊಟ್ಟ ಸಂಘವಿಲ್ಲ, ಮುಂದಾಳಿಲ್ಲ. ಮರುದಿನ ಅದು ತುಮಕೂರು ರಸ್ತೆಗೆ, ನಮ್ಮ ಜಾಲಹಳ್ಳಿ ಕ್ರಾಸಿಗೂ ಬಂದಿತು. ಬಸ್ಸುಗಳಿಗೆ ಬೆಂಕಿ ಬಿದ್ದುದನ್ನು ನಾವು ಮೆಚ್ಚುವವರಲ್ಲ. ಲಾಠಿಯ ಏಟು ತಿಂದವರಲ್ಲಿ ಕಲ್ಲನ್ನು ಕೈಯಿಂದ ಮುಟ್ಟದವರೂ ಇದ್ದರೆಂಬುದನ್ನು ಮುಚ್ಚಿಡುವವರೂ ಅಲ್ಲ. ಆ ದಿನವೇ ಕಾರ್ಮಿಕ ಮಂತ್ರಿಗಳಾದ ಬಂಡಾರು ದತ್ತಾತ್ರೇಯರು ಕಟ್ಟಳೆಯನ್ನು ಹಿಂತೆಗೆದುಕೊಂಡುದಾಗಿ ಸಾರಿದರು. ಎರಡು ದಿನಗಳಲ್ಲಿ ಇಡೀ ದೇಶದ ದುಡಿಮೆಗಾರರ ಗಂಟು ಬಿಚ್ಚಿದವರು, ಊಟದ ಡಬ್ಬಿ ಹಿಡಿದು ಬಸ್ಸಿಗೆ ಓಡುವ ಈ ಹೆಂಗಸರು. ಇಂದಿಗೂ ಅವರಲ್ಲಿ ಒಬ್ಬರ ಹೆಸರನ್ನಾದರೂ ನಾವು ಅರಿಯೆವು.

2023ರಲ್ಲಿ ನಮ್ಮ ರಾಜ್ಯ ಕಾರ್ಖಾನೆಗಳ ಕಾನೂನನ್ನು ತಿದ್ದಿ ಹೆಂಗಸರಿಗೆ ರಾತ್ರಿಯನ್ನು ತೆರೆದಿಟ್ಟಿತು. ಅದೇ ಕಾಗದದಲ್ಲಿ ದಿನದ ದುಡಿಮೆಯನ್ನು 9 ಗಂಟೆಯಿಂದ 12ರ ವರೆಗೆ ಹಿಗ್ಗಿಸಲೂ ಅವಕಾಶ ಮಾಡಿತು. ಒಂದು ಕೈಯಿಂದ ಕೊಟ್ಟುದನ್ನೂ ಇನ್ನೊಂದು ಕೈಯಿಂದ ಕೇಳಿದುದನ್ನೂ ಕೂಡಿಯೇ ಲೆಕ್ಕ ಹಾಕಬೇಕಷ್ಟೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ಹೆಣ್ಣು ಒಪ್ಪಿದರೆ ರಾತ್ರಿ ದುಡಿಯಬಹುದೆಂದಿದೆ. ಒಪ್ಪಿದರೆ ಎಂಬ ಆ ಪದವನ್ನು ನಾವು ಸಂತೋಷದಿಂದಲೇ ಓದಿದೆವು. ಕೈ ಕೊನೆಗೆ ಅವಳ ಸೆರಗಿಗೆ ಬಂದಿತೆನ್ನಬೇಕು. ಆದರೆ ಒಲ್ಲೆನೆಂದವಳಿಗೆ ಮರುತಿಂಗಳು ಕೆಲಸ ಉಳಿಯುವುದೆ? ಹಾಗಿಲ್ಲವಾದರೆ ಒಪ್ಪಿಗೆಗೂ ಅಪ್ಪಣೆಗೂ ಭೇದವೇನು?

ಅತ್ತಿಗೆಯವರ ಸೊಸೆ ಪೀಣ್ಯದ ಒಂದು ಕಾರ್ಖಾನೆಯಲ್ಲಿದ್ದಾಳೆ. ಕಳೆದ ತಿಂಗಳು ಅವಳ ಕೈಗೂ ಅಂತಹ ಒಪ್ಪಿಗೆಯ ಪತ್ರ ಬಂದಿತು. ಅತ್ತಿಗೆಯವರು ಕನ್ನಡಕ ತರಿಸಿಕೊಂಡು ಎರಡು ಬಾರಿ ಓದಿದರು. “ಭತ್ಯೆ ಎಷ್ಟೆಂದು ಬರೆದಿಲ್ಲ, ಕೇಳು. ಗಾಡಿ ಮನೆಯ ಬಾಗಿಲವರೆಗೆ ಬರುತ್ತದೋ, ಕ್ರಾಸಿನಲ್ಲೇ ಇಳಿಸುತ್ತದೋ, ಅದನ್ನೂ ಕೇಳು. ಬೇಡವೆನಿಸಿದ ದಿನ ಹಗಲು ಪಾಳಿಗೆ ಮರಳಬಹುದೆಂದು ಬರೆಯಿಸಿಕೋ. ಆಮೇಲೆ ನಿನ್ನಿಷ್ಟ” ಎಂದರು. ಅವಳು ಮೂರು ಪ್ರಶ್ನೆಗಳನ್ನೂ ಪತ್ರದ ಹಿಂಬದಿಯಲ್ಲಿ ಬರೆದು, ರುಜು ಹಾಕದೆ, ಸೋಮವಾರ ಹಿಂದಕ್ಕೆ ಕೊಟ್ಟು ಬಂದಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.